ಕಿವಿಯಣ್ಣನ ಬೆರಳು

ಮೂವತ್ತೋ, ಸೊನ್ನೆಯೋ?

ಹಾಲು ಕಾಯಿಸಲು ಇಟ್ಟಾಗಲೂ ಅದೇ, ಪಾಪುವಿನ ಬಟ್ಟೆ ಮಡಚುವಾಗಲೂ ಅದೇ. ಹನ್ನೊಂದು ದಿನದಿಂದ ಈ ಎರಡು ಸಂಖ್ಯೆಗಳು ಅವಳ ತಲೆಯೊಳಗೆ ನೊಣದ ಹಾಗೆ ಸುತ್ತುತ್ತಿದ್ದವು. ಅಟ್ಟಿದರೆ ಹೋಗಿ ಕಿಟಕಿಯ ಮೇಲೆ ಕೂರುತ್ತಿದ್ದವು, ಕಣ್ಣು ಮುಚ್ಚಿದರೆ ಮತ್ತೆ ಮೂಗಿನ ಮೇಲೆ. ಆ ಬಿಳಿ ಕಾರನ್ನು ಕೊನೆಯ ಬಾರಿ ಕಂಪನಿಯ ಶೆಡ್ಡಿಗೆ ಒಪ್ಪಿಸುವ ಮುಂಚೆ, ತಾನು ಬದಲಿಸಿದ್ದ ಆ ಒಂದು ಸಂಖ್ಯೆಯನ್ನು ಮತ್ತೆ ಮೂವತ್ತಕ್ಕೆ ತಂದಿದ್ದಳೇ, ಸೊನ್ನೆಯಾಗಿಯೇ ಬಿಟ್ಟು ಬಂದಿದ್ದಳೇ?

ಚಿಂತೆ ಮಾಡುವುದರಲ್ಲಿ ಅವಳು ಹೆಸರಾದವಳು, ಅದನ್ನು ಮೊದಲೇ ಹೇಳಿಬಿಡಬೇಕು. ಗ್ಯಾಸಿನ ಗುಂಡಿಯನ್ನು ಮೂರು ಸಲ ಮುಟ್ಟಿ ನೋಡದೆ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಬೀಗ ಹಾಕಿ ಮೂರು ಮಹಡಿ ಇಳಿದವಳು, ಹಾಕಿದ್ದು ನಿಜವೇ ಎಂದು ಮತ್ತೆ ಮೂರು ಮಹಡಿ ಹತ್ತುತ್ತಿದ್ದಳು. ಒಂಬತ್ತು ತಿಂಗಳ ಪಾಪು ಮಲಗಿದರೆ ಅದರ ಮೂಗಿನ ಮುಂದೆ ಸ್ಟೀಲಿನ ಡಬ್ಬಿಯ ಮುಚ್ಚಳ ಹಿಡಿದು, ಅದರ ಮೇಲೆ ಮಂಜು ಕೂರುವವರೆಗೆ ತನ್ನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು.

"ಎಲ್ಲರ ಮನೇಲೂ ಮಗು ಮಲಗಿದ್ರೆ ಸಮಾಧಾನ," ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ನಗುತ್ತಿದ್ದರು. "ನಮ್ಮ ಸೊಸೆಗೆ ಮಗು ಎದ್ದು ಕಿರುಚಿದ್ರೇ ಸಮಾಧಾನ."

ಗಂಡ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸಕ್ಕಿದ್ದ. ಅವನದು ಇನ್ನೊಂದು ತಮಾಷೆ. "ನಿನ್ನ ತಲೇದು ಒಂದು ತೆಗೆದು ಗೋಡೆಗೆ ಹಾಕೋಣ್ವಾ? ಒಳಗೆ ಏನಿದೆ ಅಂತ ಬಂದವರೆಲ್ಲ ನೋಡ್ಲಿ."

ಅವಳೂ ಜೊತೆಗೆ ನಗುತ್ತಿದ್ದಳು. ನಕ್ಕೂ ನಕ್ಕೂ, ತನ್ನ ದಿಗಿಲಿನ ಮೇಲೆ ತನಗೇ ನಂಬಿಕೆ ಇಲ್ಲದಂತಾಗಿತ್ತು. ನೂರು ಸುಳ್ಳು ದಿಗಿಲುಗಳ ನಡುವೆ ನಿಜವಾದದ್ದೊಂದು ಬಂದು ನಿಂತರೆ, ಗುರುತು ಹಿಡಿಯಲು ಅದಕ್ಕೇನು ಬೇರೆ ಬಟ್ಟೆ ಇರುತ್ತದೆಯೇ?

ಆದರೆ ಈ ದಿಗಿಲಿಗೆ ಒಂದು ಬೇರಿತ್ತು. ಅದು ಇಳಿದಿದ್ದದ್ದು ಅವಳ ಒಂಬತ್ತನೆಯ ವಯಸ್ಸಿಗೆ.

ಆಗ ಅವರಿದ್ದ ಕಟ್ಟಡದ ಕೆಳಗೆ ಜನರೇಟರ್ ಇಟ್ಟಿದ್ದ ಸಣ್ಣ ಕೋಣೆ ಇತ್ತು. ಕಟ್ಟಡದ ಕಾವಲಿಗಿದ್ದ ಮುದುಕನನ್ನು ಮಕ್ಕಳೆಲ್ಲ ಟಾರ್ಚ್ ತಾತ ಎನ್ನುತ್ತಿದ್ದರು. ಕರೆಂಟ್ ಹೋದಾಗ ಅವಳು ಟ್ಯೂಷನ್ನಿನಿಂದ ಬಂದರೆ, ಅವನು ಕೆಳಗೆ ನಿಂತು ಒಂದೊಂದೇ ಮೆಟ್ಟಿಲಿಗೆ ಬೆಳಕು ಹಾಕುತ್ತಿದ್ದ. ಅವಳು ಬೇಕೆಂದೇ ಒಂದು ಮೆಟ್ಟಿಲು ಬಿಟ್ಟು ಜಿಗಿದರೆ ಬೆಳಕೂ ಜಿಗಿಯುತ್ತಿತ್ತು. ಮೈ ಕೊರೆಯುವ ಚಳಿಯ ದಿನಗಳಲ್ಲೊಮ್ಮೆ ಕರೆಂಟ್ ಹೋಗಿ ಬೆಳಗಾದರೂ ಬರಲಿಲ್ಲ. ತಾತ ಬೆಚ್ಚಗಿರಲಿ ಎಂದು, ರಾತ್ರಿಯಿಡೀ ಓಡುತ್ತಿದ್ದ ಜನರೇಟರಿನ ಕೋಣೆಯೊಳಗೆ ಕುರ್ಚಿ ಹಾಕಿಕೊಂಡು ಬಾಗಿಲು ಎಳೆದುಕೊಂಡಿದ್ದ. ಬೆಳಿಗ್ಗೆ ಅಮ್ಮ ಅವಳ ಕೈಯಲ್ಲಿ ಚಹಾ ಕಳಿಸಿದಳು.

ತಾತ ಕುರ್ಚಿಯಲ್ಲಿ ಕೂತೇ ಇದ್ದ. ತೊಡೆಯ ಮೇಲಿನ ಟಾರ್ಚ್ ಇನ್ನೂ ಹಳದಿಯಾಗಿ ಮಿಣುಕುತ್ತಿತ್ತು. ಯಾವಾಗಲೂ ಬೂದಿ ಬಳಿದಂತಿರುತ್ತಿದ್ದ ಅವನ ಕೆನ್ನೆ ಅಂದು ಕೆಂಪಗಿತ್ತು, ಆಗಷ್ಟೇ ಓಡಿ ಬಂದವನ ಹಾಗೆ. ಆಟ ಆಡುತ್ತಿದ್ದಾನೆ ಎಂದುಕೊಂಡು ಅವಳು ಮೂರು ಸಲ ಕರೆದಳು. "ತಾತಾ, ಆರಿಹೋಗುತ್ತೆ." ಬೆರಳು ಹಿಡಿದು ಎಳೆದಳು. ಬೆರಳು ಬಂತು, ತಾತ ಬರಲಿಲ್ಲ.

ಆ ಹೊಗೆಯಲ್ಲಿರುವ ವಿಷಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ ಎಂದು ದೊಡ್ಡವರು ಆಮೇಲೆ ಮಾತಾಡಿಕೊಂಡರು. ನಿದ್ದೆಯ ಮೇಲೆ ಇನ್ನೊಂದು ನಿದ್ದೆ ಬಂದು ಮಲಗುತ್ತದಂತೆ, ಅಷ್ಟೆ. ಅಂದಿನಿಂದ ಇಂದಿನವರೆಗೆ, ಯಾರ ಕೆನ್ನೆ ಕೆಂಪಗೆ ಕಂಡರೂ ಸಾಕು, ಬೆಚ್ಚಗೆ ಮಲಗಿ ಎದ್ದ ಪಾಪುವಿನದೇ ಆದರೂ, ಅವಳು ಮೊದಲು ಕಿಟಕಿ ತೆರೆಯುತ್ತಿದ್ದಳು.

ಇಂಥವಳು ಓದಿ ಓದಿ ಎಂಜಿನ್ನಿನ ಕೆಲಸಕ್ಕೇ ಹೋಗಿ ಸೇರಿದ್ದು ಅವಳಿಗೇ ವಿಚಿತ್ರ. ಆದರೆ ಅವಳು ಆರಿಸಿಕೊಂಡದ್ದು ಆದಷ್ಟೂ ಸುಮ್ಮನಿರುವ ಎಂಜಿನ್. ಹೈಬ್ರಿಡ್ ಕಾರು. ಅದರಲ್ಲಿ ಪೆಟ್ರೋಲ್ ಎಂಜಿನ್ ಒಂದು, ಬ್ಯಾಟರಿಯ ಮೋಟಾರು ಇನ್ನೊಂದು. ಬೀದಿಯಲ್ಲಿ ನಿಧಾನವಾಗಿ ಹೋಗುವಾಗ ಮೋಟಾರೇ ಎಳೆಯುತ್ತದೆ, ಸದ್ದಿಲ್ಲ. ಬ್ರೇಕ್ ಒತ್ತಿದಾಗ ಚಕ್ರಗಳೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಒಂದಿಷ್ಟು ತುಂಬಿಸುತ್ತವೆ. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಎಂಜಿನ್ ಯಾರ ಅಪ್ಪಣೆಯನ್ನೂ ಕಾಯದೆ ತಾನೇ ಎದ್ದು, ತುಂಬಿಸಿ, ಮತ್ತೆ ಮಲಗುತ್ತದೆ. ಯಾವಾಗ ಏಳಬೇಕು, ಎಷ್ಟು ಹೊತ್ತು ದುಡಿಯಬೇಕು, ಯಾವಾಗ ಮಲಗಬೇಕು ಎಂಬುದೆಲ್ಲ ಕಾರಿನ ಪುಟ್ಟ ಕಂಪ್ಯೂಟರಿನಲ್ಲಿ ಸಾಲುಸಾಲು ಸಂಖ್ಯೆಗಳಾಗಿ ಕೂತಿರುತ್ತದೆ. ಆ ಸಂಖ್ಯೆಗಳನ್ನು ಕೂರಿಸುವವಳು ಅವಳು.

"ದುಡಿಯೋರು ಇಬ್ಬರಿರೋ ಮನೆ ಅತ್ತೆ ಅದು," ಎಂದು ಮದುವೆಯಾದ ಹೊಸದರಲ್ಲಿ ಅವಳು ಬಿಡಿಸಿ ಹೇಳಿದ್ದಳು. "ಯಾರು ಯಾವಾಗ ಏಳಬೇಕು, ಯಾರು ಇನ್ನೊಂಚೂರು ಮಲಗಬಹುದು ಅಂತ ನೋಡಿಕೊಳ್ಳೋ ಯಜಮಾನಿ ಕೆಲಸ ನಂದು."

"ಪಾಪ," ಎಂದರು ಅತ್ತೆ.

"ಯಾರು ಪಾಪ?"

"ನಿನ್ನ ಎಂಜಿನ್ನು. ನಿನ್ನ ಕೈಲಿ ಸಿಕ್ಕಿ ಅದಕ್ಕೆಲ್ಲಿ ನಿದ್ದೆ?"

ಕಂಪನಿ ಹೊಸ ಕಾರುಗಳನ್ನು ಪರೀಕ್ಷಿಸುವ ಶೆಡ್ಡಿನಲ್ಲಿ ಅವಳ ಜೊತೆಗೆ ಜೋಡಿ ಹಾಕಿದ್ದು ಕಿವಿಯಣ್ಣನನ್ನು. ಮೂವತ್ತೊಂದು ವರ್ಷ ಹೊಸ ಕಾರುಗಳನ್ನು ಓಡಿಸಿ ನೋಡುವ ಕೆಲಸ ಮಾಡಿದ ಡ್ರೈವರ್. ಹತ್ತು ಹೆಜ್ಜೆ ದೂರದಿಂದ ಕೇಳಿ, ಯಾವ ನಟ್ಟು ಸಡಿಲವಾಗಿದೆ, ಅದಕ್ಕೆ ಎಷ್ಟನೇ ನಂಬರಿನ ಸ್ಪ್ಯಾನರ್ ಬೇಕು ಎಂದು ಹೇಳುತ್ತಿದ್ದ. "ನನ್ನ ಸ್ವಂತ ಹೆಸರು ಸಂಬಳದ ಚೀಟಿ ನೋಡಿದಾಗ ಮಾತ್ರ ನೆನಪಾಗುತ್ತೆ ಕಣಮ್ಮ," ಎನ್ನುತ್ತಿದ್ದ. ಎಂಜಿನ್ನಿಗೆ ಅವನು ‘ಅದು’ ಎಂದದ್ದೇ ಇಲ್ಲ. ‘ಅವನು’ ಎನ್ನುತ್ತಿದ್ದ.

ಅವರಿಬ್ಬರ ಕೆಲಸ ಹೀಗಿತ್ತು. ಎಂಜಿನ್ ಎದ್ದದ್ದನ್ನು ತೋರಿಸುವ ಡ್ಯಾಶ್‌ಬೋರ್ಡಿನ ಪರದೆಗೆ ಕಾಗದ ಅಂಟಿಸಿ ಕಿವಿಯಣ್ಣ ಕಾರು ಓಡಿಸುತ್ತಿದ್ದ, ಹಿಂದಿನ ಸೀಟಿನಲ್ಲಿ ಅವಳು ಲ್ಯಾಪ್‌ಟಾಪ್ ಹಿಡಿದು ಕೂರುತ್ತಿದ್ದಳು. ಎಂಜಿನ್ ಎದ್ದದ್ದು ತಿಳಿದರೆ ಅವನು ಸ್ಟೀರಿಂಗಿನ ಮೇಲಿಂದ ಎಡಗೈ ತೋರುಬೆರಳನ್ನಷ್ಟೇ ಎತ್ತುತ್ತಿದ್ದ. "ಎದ್ದ." ಬೆರಳು ಎದ್ದಿತೆಂದರೆ ಅವಳ ಸಂಖ್ಯೆಗಳು ಸೋತವು ಎಂದು ಅರ್ಥ. ಹಳೆಯ ಕಾರುಗಳಲ್ಲಿ ಎಂಜಿನ್ ಕೆಟ್ಟ ಕನಸು ಬಿದ್ದವನ ಹಾಗೆ ಕುಲುಕಿ ಏಳುತ್ತದೆ ಎಂದು ಗಿರಾಕಿಗಳೆಲ್ಲ ದೂರಿದ್ದರು. ಅದು ಎದ್ದದ್ದು ಯಾರಿಗೂ ತಿಳಿಯಬಾರದು, ಅದೇ ಅವಳಿಗೆ ಕೊಟ್ಟ ಕೆಲಸ. ಅಳೆಯುವ ಯಂತ್ರಗಳೂ ಇದ್ದವು, ನಿಜ. ಆದರೆ ಶೆಡ್ಡಿನಲ್ಲಿ ಕೊನೆಯ ಮಾತು ಆ ಬೆರಳಿನದೇ.

ಇನ್ನೊಂದು ಪದ್ಧತಿಯೂ ಇತ್ತು. ಓಡಾಟ ಮುಗಿದ ಮೇಲೆ ಡ್ರೈವರ್ ಕಾರನ್ನು ಆಫ್ ಮಾಡುವಂತಿರಲಿಲ್ಲ. ಆಫ್ ಮಾಡಿದರೆ ಅಂದಿನ ಅಳತೆಗಳೆಲ್ಲ ಅಳಿಸಿಹೋಗುತ್ತಿದ್ದವು. ಅವನು ಹಾಗೇ ಇಳಿದು ಹೋಗಬೇಕು. ಅವಳು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆಮೇಲೆ ಆಫ್ ಗುಂಡಿ ಒತ್ತಬೇಕು. ಆ ಕಾರಿನ ಕೀಲಿ ತಿರುಗಿಸುವಂಥದ್ದಲ್ಲ, ಅದು ಯಾರ ಜೇಬಿನಲ್ಲಿ ಹೋದರೂ ಗುಂಡಿ ಒತ್ತುವವರೆಗೆ ಕಾರು ಆನ್ ಆಗಿಯೇ ಇರುತ್ತಿತ್ತು. ನಾಲ್ಕು ವರ್ಷ ಹೀಗೇ ನಡೆಯಿತು. ಕಿವಿಯಣ್ಣ ಇಳಿದು, ಬಾಗಿಲು ಹಾಕಿ, ಬೆನ್ನು ತಿರುಗಿಸಿ ಚಹಾ ಕುಡಿಯಲು ಹೋಗುತ್ತಿದ್ದ. ಗುಂಡಿ ಒತ್ತುವುದು ಅವಳ ಪಾಲಿನ ಕೆಲಸ.

ಏಳು ತಿಂಗಳು ಆ ಬೆರಳು ಅವಳನ್ನು ಕಾಡಿತು. ಕೊನೆಗೆ ಅವಳು, ಮೊದಲು ಮೋಟಾರಿನಿಂದ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ, ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು ಬಂದ ಮೇಲಷ್ಟೇ ಪೆಟ್ರೋಲ್ ಹನಿಸುವ ಹಾಗೆ ಸಂಖ್ಯೆಗಳನ್ನು ಕೂರಿಸಿದಳು. ಮಲಗಿದ ಮಗುವನ್ನು ಎಚ್ಚರವಾಗದಂತೆ ಎತ್ತಿಕೊಳ್ಳುವ ಹಾಗೆ. ಅಂದು ನಲವತ್ತು ನಿಮಿಷ ಓಡಿಸಿದರು. ಲ್ಯಾಪ್‌ಟಾಪ್ ಹೇಳುತ್ತಿತ್ತು, ಎಂಜಿನ್ ಹನ್ನೊಂದು ಸಲ ಎದ್ದಿದೆ ಎಂದು. ಸ್ಟೀರಿಂಗಿನ ಮೇಲಿನ ಬೆರಳು ಒಂದು ಸಲವೂ ಏಳಲಿಲ್ಲ.

"ಅಣ್ಣಾ, ಹನ್ನೊಂದು ಸಲ ಎದ್ದಿದ್ದ!"

"ಸುಳ್ಳು ಹೇಳಬೇಡ ಕಣಮ್ಮ."

"ಆಣೆ ಮಾಡಿ ಹೇಳ್ತೀನಿ!"

ಕಿವಿಯಣ್ಣ ಕಾರು ನಿಲ್ಲಿಸಿ ಹಿಂದೆ ತಿರುಗಿ ಅವಳನ್ನೇ ನೋಡಿದ. ಅವನ ಮುಖದಲ್ಲಿ ಸಂತೋಷ ಬರುವ ಮುಂಚೆ ಇನ್ನೇನೋ ಒಂದು ಬಂದು ಹೋಯಿತು. ಅದನ್ನು ಅವಳು ಅಂದು ಓದಲಿಲ್ಲ. ಓದುವ ಪುರಸೊತ್ತು ಯಾರಿಗಿತ್ತು? ಶೆಡ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಕಿವಿಯಣ್ಣನ ಕಿವಿಗೂ ಸಿಗದ ಎಂಜಿನ್ ಎಂದು ಅವಳ ಹೆಸರು ಮೇಲಿನ ಮಹಡಿಯವರೆಗೂ ಹೋಯಿತು.

ಆಮೇಲೆ ಪಾಪು ಹುಟ್ಟಿತು. ರಜೆ ಮುಗಿಸಿ ಹೋದವಳಿಗೆ ಬೆಳಗಿನ ಚಳಿಯಲ್ಲಿ ಕಾರು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವ ಕೆಲಸ ಕೊಟ್ಟು, ಶೆಡ್ಡಿನ ಬಿಳಿ ಕಾರನ್ನು ಮನೆಗೇ ಕಳಿಸಿದರು. ಸಂಜೆ ಶಿಶುಪಾಲನಾ ಕೇಂದ್ರದಿಂದ ಪಾಪುವನ್ನು ಅದರಲ್ಲೇ ತರುತ್ತಿದ್ದಳು. ದಿನವಿಡೀ ಕಣ್ಣು ಮುಚ್ಚದ ಮಗು ಆ ಕಾರಿನಲ್ಲಿ ಕೂರಿಸಿದರೆ ಐದೇ ನಿಮಿಷಕ್ಕೆ ಮಲಗುತ್ತಿತ್ತು. ಆದರೆ ಕಟ್ಟಡದ ಗೇಟು ತೆಗೆಯಲು, ಎಸಿ ನಿಲ್ಲದಿರಲಿ ಎಂದು ಕಾರನ್ನು ಆನ್ ಇಟ್ಟೇ ಅವಳು ಇಳಿದರೆ, ಕಾರು ಬಡಿದುಕೊಳ್ಳುತ್ತಿತ್ತು. ಬೀಪ್, ಬೀಪ್, ಬೀಪ್, ಮೂವತ್ತು ಸೆಕೆಂಡು. ‘ಸದ್ದಿಲ್ಲ ಎಂದು ಮೋಸ ಹೋಗಬೇಡ, ನಾನಿನ್ನೂ ಎಚ್ಚರವಾಗಿದ್ದೇನೆ, ನನ್ನನ್ನು ಆಫ್ ಮಾಡು’ ಎಂದು ಅದರ ಅರ್ಥ. ಪಾಪು ಬೆಚ್ಚಿ ಎದ್ದು, ರಾತ್ರಿ ಊಟದವರೆಗೆ ಅಳುತ್ತಿತ್ತು. ಒಂದು ವಾರ ತಡೆದುಕೊಂಡಳು. ಎಂಟನೆಯ ದಿನ ಲ್ಯಾಪ್‌ಟಾಪ್ ತೆರೆದು ಆ ಮೂವತ್ತನ್ನು ಸೊನ್ನೆ ಮಾಡಿದಳು.

ಶೆಡ್ಡಿನಲ್ಲಿ ಬದಲಾವಣೆ ಪುಸ್ತಕ ಎಂದು ಒಂದಿತ್ತು. ಯಾವ ಸಂಖ್ಯೆ ಮುಟ್ಟಿದರೂ ಎಷ್ಟಿತ್ತು, ಎಷ್ಟಾಯಿತು, ಯಾಕೆ ಎಂದು ಬರೆದು ಇಬ್ಬರು ಸಹಿ ಹಾಕಬೇಕು. ಬರೆಯದೆ ಮುಟ್ಟಿದವನೊಬ್ಬ ಅದೇ ದಿನ ತನ್ನ ನೀರಿನ ಬಾಟಲಿ, ಕೊಡೆ ಎತ್ತಿಕೊಂಡು ಮನೆಗೆ ಹೋದದ್ದನ್ನು ಅವಳೇ ಕಂಡಿದ್ದಳು. ‘ಯಾಕೆ’ ಎಂಬ ಜಾಗದಲ್ಲಿ ಏನೆಂದು ಬರೆಯುವುದು? ಮಗು ಮಲಗಲಿ ಎಂದೇ? ಇದು ನನ್ನ ಕೈಯಲ್ಲೇ ಇರುವ ಕಾರು, ಒಪ್ಪಿಸುವ ದಿನ ಸರಿ ಮಾಡಿದರಾಯಿತು ಎಂದುಕೊಂಡಳು.

ಒಪ್ಪಿಸುವ ದಿನ ಪಾಪುವಿಗೆ ಜ್ವರ. ಶೆಡ್ಡಿನ ಮುಂದೆ ಕಾರಿನಲ್ಲೇ ಕೂತು ಲ್ಯಾಪ್‌ಟಾಪ್ ತೆರೆದದ್ದು ನೆನಪಿದೆ. ಮೂವತ್ತು ಎಂದು ಒತ್ತಿದ್ದು ನೆನಪಿದೆ. ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ಬೆಳೆಯುತ್ತಿದ್ದದ್ದು ನೆನಪಿದೆ. ಅಷ್ಟರಲ್ಲಿ ಅತ್ತೆಯ ಫೋನು, "ಮೈ ಕೆಂಡದ ಹಾಗೆ ಸುಡ್ತಿದೆ ಕಣೇ, ಬಾ." ಪಟ್ಟಿ ತುದಿ ಮುಟ್ಟಿದರೆ ಮಾತ್ರ ಕಾರಿನೊಳಗೆ ಸಂಖ್ಯೆ ಬದಲಾಗುವುದು. ಮುಟ್ಟಿತ್ತೇ? ಅದಕ್ಕೆ ಮುಂಚೆಯೇ ಕಾರಿಗೆ ಸಿಕ್ಕಿಸಿದ್ದ ನೀಲಿ ಕೇಬಲ್ ಕಿತ್ತಳೇ? ಅಲ್ಲಿಂದ ಮುಂದೆ ನೆನಪಿನಲ್ಲಿ ಬರೀ ಮಗುವಿನ ಬಿಸಿ ಹಣೆ.

ಜ್ವರ ಬಂತು, ಹೋಯಿತು, ಮತ್ತೆ ಬಂತು. ಅವಳು ರಜೆಯಲ್ಲೇ ಉಳಿದಳು. ಅಷ್ಟರಲ್ಲಿ ಕಿವಿಯಣ್ಣ ನಿವೃತ್ತನಾದ. ಪರೀಕ್ಷೆಯ ಆಯುಷ್ಯ ಮುಗಿಸಿದ ಆ ಬಿಳಿ ಕಾರನ್ನೇ ಕಂಪನಿ ಅವನಿಗೆ ಅಗ್ಗದ ಬೆಲೆಗೆ ಕೊಟ್ಟಿತು.

ಹನ್ನೊಂದು ದಿನದ ಕೆಳಗೆ ಅವನು ಅದೇ ಕಾರಿನಲ್ಲಿ ಪಾಪುವನ್ನು ನೋಡಲು ಬಂದ. ಅವಳು ಮೂರನೆಯ ಮಹಡಿಯ ಕಿಟಕಿಯಿಂದ ನೋಡುತ್ತಿದ್ದಳು. ಕಿವಿಯಣ್ಣ ಇಳಿದ, ಬಾಗಿಲು ಹಾಕಿದ, ಬೆನ್ನು ತಿರುಗಿಸಿದ. ಬೀಪ್ ಕೇಳಿಸಲಿಲ್ಲ. ಬೀದಿಯ ಗಲಾಟೆಯಲ್ಲಿ ಅಷ್ಟು ದೂರಕ್ಕೆ ಹೇಗೆ ಕೇಳಿಸೀತು? ಆಫ್ ಮಾಡಿಯೇ ಇಳಿದಿರುತ್ತಾನೆ. ಹಾಗೆಂದು ತನಗೆ ತಾನೇ ಹೇಳಿಕೊಂಡಳು.

ಅವನು ಕುರ್ಚಿಯಲ್ಲಿ ಕೂತು ಪಾಪುವಿಗೆ ಕಾರಿನ ಕೀಲಿ ಆಡಿಸುತ್ತಿದ್ದ. ಅವಳು ಅವನ ಬೆನ್ನ ಹಿಂದೆ ನಿಂತು, "ಚಹಾಕ್ಕೆ ಸಕ್ಕರೆ ಎಷ್ಟು ಅಣ್ಣಾ?" ಎಂದು ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಅಷ್ಟರಲ್ಲಿ ಅವಳ ಕೈಯಿಂದ ತಟ್ಟೆ ಜಾರಿ ನೆಲಕ್ಕೆ ಬಿದ್ದು ಮನೆಯೆಲ್ಲ ಝಣ್ ಎಂದಿತು. ಪಾಪು ಬೆಚ್ಚಿತು. ಅತ್ತೆ ಒಳಗಿನಿಂದ "ಏನದು?" ಎಂದು ಕೂಗಿದರು. ಕಿವಿಯಣ್ಣ ಮಾತ್ರ ಕೀಲಿ ಆಡಿಸುತ್ತಲೇ ಇದ್ದ.

ಆ ಹನ್ನೊಂದು ಸಲ ಬೆರಳು ಏಳದಿದ್ದದ್ದು ತನ್ನ ಸಂಖ್ಯೆಗಳಿಂದಲೋ, ಅವನ ಕಿವಿಯಿಂದಲೋ? ಅವಳು ತಟ್ಟೆ ಎತ್ತಿಟ್ಟು, ಅವನ ಎದುರಿಗೆ ಬಂದು ನಿಂತು, ಸಕ್ಕರೆ ಎಷ್ಟೆಂದು ಮೂರನೆಯ ಸಲ ಕೇಳಿದಳು.

ಅವನು ಹೋದ ಮೇಲೆ ಎರಡು ಸಲ ಅವನ ನಂಬರ್ ಒತ್ತಿ, ಮೊದಲ ರಿಂಗಿಗೇ ಕತ್ತರಿಸಿದಳು. ಏನೆಂದು ಕೇಳುವುದು? ನಿಮಗೆ ಕಿವಿ ಕೇಳಿಸುತ್ತಾ ಅಣ್ಣಾ ಎಂದೇ? ಅಕ್ಕಸಾಲಿಗನನ್ನು ಕಣ್ಣು ಕಾಣಿಸುತ್ತಾ ಎಂದು ಕೇಳಿದ ಹಾಗಾಗುತ್ತದೆ. ಶೆಡ್ಡಿಗೆ ಫೋನ್ ಮಾಡಿ ಆ ಸಂಖ್ಯೆ ನೋಡಿ ಎಂದರೆ, ಮುಟ್ಟಿದ್ದು ಯಾರು ಎಂದು ಕೇಳುತ್ತಾರೆ. ಮಾರುವ ಮುಂಚೆ ಕಂಪನಿಯ ಸಂಖ್ಯೆಗಳನ್ನೇ ಮತ್ತೆ ತುಂಬಿಸಿರುತ್ತಾರೆ ಬಿಡು, ಅದೇ ನಿಯಮ. ಹೀಗೆ ದಿನಕ್ಕೆ ನೂರು ಸಲ ಸಮಾಧಾನ ಮಾಡಿಕೊಂಡು, ನೂರಾ ಒಂದನೆಯ ಸಲ ಟಾರ್ಚ್ ತಾತನ ಕೆನ್ನೆ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಶೆಡ್ಡಿನ ಮೆಕ್ಯಾನಿಕ್ ಬಂದ. ಅವಳ ಬಳಿ ಉಳಿದುಹೋಗಿದ್ದ ನೀಲಿ ಕೇಬಲ್ ಬೇಕಾಗಿತ್ತಂತೆ. ಶೆಡ್ಡಿನಲ್ಲಿ ಅವನಿಗೆ ರೇಡಿಯೊ ಎಂದೇ ಹೆಸರು. ಅವನ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆ ಎಲ್ಲರ ಕಿವಿಗೂ ಬಿದ್ದಿರುತ್ತಿತ್ತು. ಅತ್ತೆ ಕೊಟ್ಟ ಚಹಾ ಹಿಡಿದು ಕೂತು ಅವನು ಸುದ್ದಿ ಶುರು ಮಾಡಿದ.

"ನಿನ್ನೆ ಕಿವಿಯಣ್ಣ ಶೆಡ್ಡಿಗೆ ಬಂದಿದ್ರು ಮೇಡಂ. ಸಿಟ್ಟೋ ಸಿಟ್ಟು."

"ಯಾರ ಮೇಲೆ?"

"ನಿಮ್ಮ ಕಾರಿನ ಮೇಲೆ! ಅದು ನಿಂತಲ್ಲೇ ಪೆಟ್ರೋಲ್ ಕುಡಿಯುತ್ತಂತೆ. ಸಂಜೆ ಟ್ಯಾಂಕ್ ತುಂಬಿಸಿ ತಂದು ನಿಲ್ಲಿಸಿದ್ರಂತೆ. ಬೆಳಿಗ್ಗೆ ನೋಡಿದ್ರೆ ಮುಳ್ಳು ಎರಡು ಗೆರೆ ಇಳಿದಿದೆ. ಕಾರೇನು ನಿದ್ದೆಗಣ್ಣಲ್ಲಿ ಎದ್ದು ತಿರುಗಾಡ್ತಾ ಅಂತ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು."

ಅವಳು ನಗಲಿಲ್ಲ. ಒಲೆಯ ಮೇಲೆ ಪಾಪುವಿಗೆಂದು ಇಟ್ಟ ಹಾಲಿತ್ತು. ಅದನ್ನೇ ನೋಡುತ್ತ ನಿಂತಿದ್ದಳು.

"ಯಾರೋ ಕದೀತಿದ್ದಾರೆ ಅಂತ ಅವರ ಅನುಮಾನ. ಕಾರಿಡೋ ಕೋಣೆ ಬಾಗಿಲಿಗೆ ಇನ್ನೊಂದು ಬೀಗ ಹಾಕಿದ್ದಾರೆ. ಮೇಲೆ ಕಿಂಡಿ ಇತ್ತಲ್ಲ, ಅದರೊಳಗಿಂದ ಪೈಪ್ ಬಿಡ್ತಾರೇನೋ ಅಂತ ಅದಕ್ಕೂ ಹಲಗೆ ಹೊಡೆಸಿಬಿಟ್ರಂತೆ."

ಅವಳಿಗೆ ಆ ಮನೆ ಗೊತ್ತಿತ್ತು. ಕೆಳಗೆ ಕಾರಿನ ಕೋಣೆ. ಅದರ ಮೂಲೆಯಿಂದ ಒಳಗಿನ ಮೆಟ್ಟಿಲು. ಮೆಟ್ಟಿಲು ಮುಗಿದರೆ ಮಲಗುವ ಕೋಣೆ, ಅದರಾಚೆ ಬೀದಿಗೆ ಇಳಿಯುವ ಹೊರಮೆಟ್ಟಿಲು.

"ಮಾರೋ ಮುಂಚೆ ಕಂಪನಿ ಸಂಖ್ಯೆಗಳನ್ನ ತುಂಬಿಸಿ ತಾನೇ ಕೊಟ್ಟಿದ್ದು?" ಎಂದಳು. ತನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು.

"ತುಂಬಿಸೋಕೆ ಹೋದೆ ಮೇಡಂ. ಅವರೇ ಬೇಡ ಅಂದ್ರು. ‘ಆ ಹುಡುಗಿ ಕೂರಿಸಿದ್ದು ಹಾಗೇ ಇರ್ಲಿ ಕಣಪ್ಪ, ಅವಳ ಕೈಗುಣ ಅದು, ಅದಕ್ಕೇ ಈ ಕಾರು ತಗೊಂಡೆ’ ಅಂದ್ರು. ದೊಡ್ಡವರ ಮಾತು, ಬಿಟ್ಟುಬಿಟ್ಟೆ." ಚಹಾ ಹೀರಿ ಅವನು ಮುಂದುವರಿಸಿದ. "ಆದ್ರೆ ಆಳು ಚೆನ್ನಾಗಿದ್ದಾರೆ. ಒಂದು ವಾರದಿಂದ ತಲೆನೋವಂತೆ, ಕನ್ನಡಕದ ನಂಬರ್ ಬದಲಾಗಿರಬೇಕು ಅಂತಿದ್ರು. ಮುಖ ನೋಡಿದ್ರೆ ಕೆನ್ನೆ ಕೆಂಪು ಕೆಂಪಗೆ! ಕೆಲಸ ಬಿಟ್ಟ ಮೇಲೆ ಮೈಗೆ ಹತ್ತಿದೆ."

ನಿಂತ ಕಾರು ಪೆಟ್ರೋಲ್ ಕುಡಿಯುವುದು ಒಂದೇ ಒಂದು ರೀತಿಯಲ್ಲಿ. ಇಳಿದು ಹೋದವನು, ನಾಲ್ಕು ವರ್ಷದ ರೂಢಿಯಂತೆ, ಗುಂಡಿ ಒತ್ತಿಲ್ಲ. ಒಳಗೆ ಎಸಿ ತಿರುಗುತ್ತಿದೆ. ಬ್ಯಾಟರಿ ಇಳಿಯುತ್ತದೆ. ಅವಳು ಕೂರಿಸಿದ ಮಟ್ಟ ತಲುಪಿದೊಡನೆ ಎಂಜಿನ್, ಅವಳು ಕಲಿಸಿದ ಹಾಗೆಯೇ, ಯಾರಿಗೂ ತಿಳಿಯದಂತೆ ಮೆಲ್ಲಗೆ ಏಳುತ್ತದೆ. ತುಂಬಿಸುತ್ತದೆ. ಮಲಗುತ್ತದೆ. ಮತ್ತೆ ಏಳುತ್ತದೆ.

ಸುಂಯ್ ಎಂದು ಹಾಲು ಉಕ್ಕಿತು. ಪಾತ್ರೆಯ ಹೊರಮೈಯಿಂದ ಇಳಿದು ಒಲೆಯ ಉರಿ ಆರಿಸಿತು. ಅವಳು ಅಲ್ಲೇ ಇದ್ದಳು, ಕೈ ಚಾಚಲಿಲ್ಲ. ಅತ್ತೆ ಬಂದು ಗ್ಯಾಸಿನ ಗುಂಡಿ ತಿರುಗಿಸಿ, ಸೊಸೆಯ ಮುಖ ನೋಡಿದರು. ನೋಡಿದವರ ಮುಖದಲ್ಲಿದ್ದ ನಗೆ ಹೋಯಿತು.

"ಗ್ಯಾಸ್ ಆರಿದ್ರೂ ಮುಟ್ಟಲಿಲ್ಲವಲ್ಲೇ ನೀನು," ಎಂದರು ತಗ್ಗಿದ ದನಿಯಲ್ಲಿ. "ಇದು ದಿನದ ಥರದ್ದಲ್ಲ. ಯಾರಿಗೆ ಏನಾಗಿದೆ?"

"ಅತ್ತೆ, ನಾನೊಂದು ಫೋನ್ ಮಾಡಬೇಕು."

"ಮಾಡು ಮತ್ತೆ. ಮಗೂನ ನಾನು ಎತ್ಕೋತೀನಿ."

ಕಿವಿಯಣ್ಣನ ಫೋನು ಪೂರ್ತಿ ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದಳು. ಮತ್ತೆ ಸುಮ್ಮನಾಯಿತು. ಮೂರನೆಯ ಸಲ ಅವನ ಹೆಂಡತಿ ಎತ್ತಿದಳು. ಮಾತು ನಿದ್ದೆಯೊಳಗಿಂದ ಎದ್ದು ಬಂದ ಹಾಗಿತ್ತು.

"ಯಾರು... ಓ, ನೀನಾ. ಪಾಪು ಹೇಗಿದೆ?"

"ಅಕ್ಕಾ, ಅಣ್ಣ ಎಲ್ಲಿ?"

"ಮಲಗಿದ್ದಾರಮ್ಮ. ಬೆಳಿಗ್ಗೆ ತರಕಾರಿ ತಂದು ಹಾಕಿ, ತಲೆ ಸುತ್ತುತ್ತೆ ಅಂತ ಮಲಗಿದೋರು ಇನ್ನೂ ಎದ್ದಿಲ್ಲ. ನನಗೂ ಯಾಕೋ ಕೈಕಾಲಲ್ಲಿ ಬಲವೇ ಇಲ್ಲ. ಹವೆ ಸರಿ ಇಲ್ಲ ಅನ್ಸುತ್ತೆ..."

"ಕಾರು ಎಲ್ಲಿದೆ?"

"ಕೆಳಗೆ. ಇನ್ನೆಲ್ಲಿರುತ್ತೆ?"

ಆ ಮಾತಿನ ಹಿಂದೆ, ಮಂಚದ ಕೆಳಗಿನಿಂದ, ನೆಲದ ಕೆಳಗಿನಿಂದ, ಒಂದು ಗುಂಯ್ಗುಡುವಿಕೆ ಮೆಲ್ಲಗೆ ಏರಿ ಬಂತು. ಕುಲುಕಿಲ್ಲ, ಬೆಚ್ಚಿಲ್ಲ. ಸಾವಿರದ ಇನ್ನೂರು ಸುತ್ತು. ಅದು ಕೇಳಿಸಿತೋ, ಕೇಳಿಸಿದ ಹಾಗಾಯಿತೋ, ಇಂದಿಗೂ ಅವಳಿಗೆ ಹೇಳಲಾಗದು. ಅವಳ ಎಡಗೈ ತೋರುಬೆರಳು ಮಾತ್ರ ತಾನಾಗಿ ಮೇಲೆದ್ದಿತು.

"ಎದ್ದ," ಎಂದಳು.

"ಏನು?"

"ಅಕ್ಕಾ, ಏಳಿ! ಈಗಲೇ ಏಳಿ. ಕಿಟಕಿ ಎಲ್ಲ ತೆಗೀರಿ. ಅಣ್ಣನ ಮುಖಕ್ಕೆ ನೀರು ಹಾಕಿ ಎಬ್ಬಿಸಿ. ಹೊರಮೆಟ್ಟಿಲಿನಿಂದ ಬೀದಿಗೆ ಇಳೀರಿ, ಕಾರಿನ ಕೋಣೆ ಕಡೆಯಿಂದ ಹೋಗಬೇಡಿ. ಆ ಕಾರು ಆನ್ ಇದೆ ಅಕ್ಕಾ, ಅದರ ಹೊಗೆ ಮನೆಯೆಲ್ಲ ತುಂಬಿದೆ. ವಾಸನೆ ಬರಲ್ಲ, ಕಾಯಬೇಡಿ. ಕೂಗಿ, ಪಕ್ಕದವರನ್ನ ಕೂಗಿ!"

ಇಷ್ಟು ಗಟ್ಟಿಯಾಗಿ ಅವಳು ಜನ್ಮದಲ್ಲೇ ಕಿರುಚಿರಲಿಲ್ಲ. ಪಾಪು ಅಳತೊಡಗಿತು. ರೇಡಿಯೊ ಲೋಟ ಹಿಡಿದೇ ಎದ್ದು ನಿಂತ. ಆ ಕಡೆ ಫೋನು ಎಲ್ಲೋ ಬಿದ್ದ ಸದ್ದು. ಒಂದು ಕಿಟಕಿ ಕಿರುಗುಟ್ಟಿತು. "ಏಳ್ರೀ, ಏಳ್ರೀ" ಎಂಬ ಕೂಗು. ಅಕ್ಕ ಅಣ್ಣನ ಬೆರಳು ಹಿಡಿದು ಎಳೆಯುತ್ತಿದ್ದಾಳೆ ಎಂದು ಅವಳಿಗೆ ಅನ್ನಿಸಿತು. ಬೆರಳು ಬಂದು ಅವನು ಬರದಿದ್ದರೆ? ಆಮೇಲೆ ಏನೂ ಕೇಳಿಸಲಿಲ್ಲ. ಲೈನ್ ಕಡಿದಿರಲಿಲ್ಲ, ಖಾಲಿ ಮನೆಯ ಸದ್ದು ಮಾತ್ರ ಬರುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಮಗುವನ್ನು ಹಿಡಿದು, ಇನ್ನೊಂದು ಕೈಯನ್ನು ಅವಳ ಬೆನ್ನಿಗೆ ಇಟ್ಟು ನಿಂತರು. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಿಮಿಷ. ಒಂಬತ್ತನ್ನೂ ಅವಳು ಒಂದೊಂದಾಗಿ ಎಣಿಸಿದಳು.

ಕೊನೆಗೆ ಯಾರೋ ಫೋನು ಎತ್ತಿಕೊಂಡರು. ದಡದಡ ಹೆಜ್ಜೆಗಳು. ಬೀದಿಯ ಗಲಾಟೆ. ಆಮೇಲೆ ಏದುಸಿರು.

"ನಾನು ಕಣಮ್ಮ."

"ಅಕ್ಕ ಎಲ್ಲಿ ಅಣ್ಣಾ?" ಎಂದಳು.

"ಪಕ್ಕದ ಮನೆ ಕಟ್ಟೆ ಮೇಲೆ ಕೂರಿಸಿದ್ದಾರೆ ನಮ್ಮನ್ನ," ಎಂದ ಕಿವಿಯಣ್ಣ. "ಇಬ್ಬರೂ ವಾಂತಿ ಮಾಡ್ಕೊಂಡ್ವಿ. ಆಸ್ಪತ್ರೆ ಗಾಡಿಗೆ ಹೇಳಿದ್ದಾರೆ, ಬರ್ತಾ ಇದೆ. ಹುಡುಗರು ಕಾರಿನ ಕೋಣೆ ಬಾಗಿಲು ಒಡೆದ್ರು. ಬಾನೆಟ್ ಮುಟ್ಟಿದ್ರೆ ಕೈ ಸುಡ್ತಿದೆಯಂತೆ. ಅವನು ಎದ್ದೇ ಇದ್ದ ಕಣಮ್ಮ, ನನ್ನ ಕಾಲ ಕೆಳಗೇ. ನನಗೆ..." ಅವನು ನಿಲ್ಲಿಸಿದ. "ನಿನಗೊಂದು ಮಾತು ಹೇಳಬೇಕು. ಅವತ್ತೇ ಹೇಳಬೇಕಿತ್ತು. ಬೇಜಾರು ಮಾಡ್ಕೋಬೇಡ."

"ನಾನೂ ಹೇಳಬೇಕು ಅಣ್ಣಾ. ಮೊದಲು ನಾನು ಹೇಳ್ತೀನಿ." ಅವಳು ಕಣ್ಣು ಮುಚ್ಚಿ, ಒಂದೇ ಉಸಿರಿಗೆ, ಮೆಲ್ಲಗೆ ಹೇಳಿದಳು. "ಕಾರು ಬೀಪ್ ಅಂದಿದ್ರೆ ಯಾರಿಗಾದ್ರೂ ಕೇಳಿಸ್ತಿತ್ತು. ಅದರ ಬಾಯಿ ಕಟ್ಟಿದ್ದು ನಾನು."

ಆ ಕಡೆ ಗಾಡಿಗಳು ಹೋಗುವ ಸದ್ದು. ಕಿವಿಯಣ್ಣ ಉಸಿರೆಳೆದುಕೊಳ್ಳುವ ಸದ್ದು.

"ಏನಂದೆ? ಸರಿಯಾಗಿ ಕೇಳಿಸಲಿಲ್ಲ ಕಣಮ್ಮ. ಸ್ವಲ್ಪ ಗಟ್ಟಿಯಾಗಿ ಹೇಳು."

ಅವಳು ಕಣ್ಣು ತೆರೆದಳು. ಎದುರಿಗೆ ಅತ್ತೆ ನಿಂತಿದ್ದರು, ತೋಳಿನಲ್ಲಿ ಅತ್ತು ಅತ್ತು ಕೆನ್ನೆ ಕೆಂಪಾದ ಪಾಪು. ಬಾಗಿಲ ಬಳಿ ಒಂದು ಕೈಯಲ್ಲಿ ನೀಲಿ ಕೇಬಲ್, ಇನ್ನೊಂದರಲ್ಲಿ ಚಹಾದ ಲೋಟ ಹಿಡಿದು ರೇಡಿಯೊ ನಿಂತಿದ್ದ. ಈಗ ಹೇಳಿದ್ದು ಊಟದ ಹೊತ್ತಿಗೆ ಇಡೀ ಶೆಡ್ಡಿಗೆ ತಲುಪುತ್ತದೆ.

ಅವಳು ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡು, ಇನ್ನೊಮ್ಮೆ ಹೇಳಿದಳು. ಗಟ್ಟಿಯಾಗಿ.